ಜಿಡ್ಡಿನ ತಟ್ಟೆ

"ಮೇಡಂ, ಮೇಲಿಂದ ನೋಡಿ ಮೇಡಂ. ಅಡಿ ಯಾರು ನೋಡ್ತಾರೆ?"

ಅಂಗಡಿಯವನು ಹೀಗೆಂದಾಗ ಅವಳು ನೆಲಕ್ಕೆ ಮಂಡಿಯೂರಿ, ಮಾಂಸ ಸುಡುವ ಮೂರನೆಯ ಗ್ರಿಲ್ ಒಲೆಯ ಹೊಟ್ಟೆಯ ಕೆಳಗೆ ಮೊಣಕೈತನಕ ಕೈ ತೂರಿಸಿದ್ದಳು.

"ನಾನು ನೋಡ್ತೀನಿ" ಎಂದು ಕೈ ಹೊರಗೆಳೆದು, ಬೆರಳ ತುದಿಯನ್ನು ಮೂಗಿನ ಹತ್ತಿರ ತಂದು ಮೂಸಿದಳು. ಬರೀ ತಗಡಿನ ವಾಸನೆ. ಹೊಸದೇನೋ ಹೌದು, ಆದರೆ ಸೋರಿದ ಜಿಡ್ಡು ಬೀಳುವ ತಟ್ಟೆಯನ್ನು ನಾಲ್ಕು ಸ್ಕ್ರೂ ಬಿಚ್ಚದೆ ಹೊರತೆಗೆಯುವಂತಿರಲಿಲ್ಲ. ಇದನ್ನು ಮಾಡಿದ ಪುಣ್ಯಾತ್ಮ ಜನ್ಮದಲ್ಲಿ ಒಂದು ಪಾತ್ರೆ ತೊಳೆದವನಲ್ಲ ಎಂದುಕೊಂಡು ಮುಂದಿನದಕ್ಕೆ ಸರಿದಳು.

ಬಂದ ಗಿರಾಕಿಗಳೆಲ್ಲ ಮುಚ್ಚಳ ಎತ್ತಿ, ಹೊಳೆಯುವ ಸರಳುಗಳನ್ನು ನೋಡಿ, ನಾಬ್ ನಾಲ್ಕು ಸಲ ತಿರುಗಿಸಿ ಖುಷಿಪಡುತ್ತಿದ್ದರು. ಅವಳಿಗೆ ಅಂಥ ಖುಷಿಯ ಯೋಗ ಇರಲಿಲ್ಲ. ಹನ್ನೊಂದು ವರ್ಷದಿಂದ ಅವಳ ಕೆಲಸ ಹೋಟೆಲು, ಕ್ಯಾಂಟೀನುಗಳ ಅಡುಗೆಮನೆಯ ಚಿಮ್ನಿ ತೊಳೆಯುವುದು. ಎಣ್ಣೆಯ ಹೊಗೆ ಜಾಲರಿಗೆ ತಾಗಿ, ಅಂಟಿ, ಕಪ್ಪಾಗಿ, ಕೊನೆಗೆ ಅನ್ನದ ಪಾತ್ರೆಗೇ ತೊಟ್ಟಿಕ್ಕುವ ತನಕ ಯಾರೂ ತಲೆಯೆತ್ತಿ ನೋಡುವುದಿಲ್ಲ. ತೊಟ್ಟಿಕ್ಕಲು ಶುರುವಾದ ಮೇಲೆ ಅವಳಿಗೆ ಫೋನು. ಏಣಿ ಹತ್ತಿ, ಮುಖಕ್ಕೆ ಬಟ್ಟೆ ಕಟ್ಟಿ, ಆ ಕಮಟು ಕೆಸರನ್ನು ಕೆರೆದು ಕೆರೆದು ಬಕೆಟ್ಟಿಗೆ ತುಂಬುವಾಗ ಕೆಳಗೆ ಅಡುಗೆಯವರು ಅವಳ ಕಡೆ ಬೆನ್ನು ಹಾಕಿ ಮೂಗು ಮುಚ್ಚಿಕೊಂಡು ನಿಲ್ಲುತ್ತಾರೆ. ಅದು ತಮ್ಮದೇ ಎಣ್ಣೆ ಎನ್ನುವುದು ಅವರಿಗೆ ಮರೆತೇ ಹೋಗಿರುತ್ತದೆ.

ಅಂಗಡಿಯ ಆ ತುದಿಯಲ್ಲಿ ಗಂಡನೂ ಗಂಡನ ಅಣ್ಣನೂ ಒಂದು ಕಪ್ಪು ಒಲೆಯ ಮುಂದೆ ನಿಂತಿದ್ದರು. ಗಂಡ ಕಿಟಕಿಗಳಿಗೆ ಗಾಜು ಕೂರಿಸುವ ಕೆಲಸದವನು. ಎರಡಾಳೆತ್ತರದ ಗಾಜನ್ನು ಬಿರುಕು ಬಿಡದ ಹಾಗೆ ಎತ್ತಿ ನಿಲ್ಲಿಸಬಲ್ಲ, ಅಣ್ಣನ ಮುಂದೆ ಮಾತ್ರ ಬೆನ್ನು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಅಣ್ಣ, ಅಂದರೆ ಅವಳ ಭಾವ, ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದವರು. ಅವರ ಕಾರಿನಲ್ಲಿ ಪಕ್ಕದ ಸೀಟಿಗೂ ಒಂದು ಬ್ರೇಕ್ ಇತ್ತು. ತಮ್ಮನ ಮನೆಯಲ್ಲೂ ತಮಗೊಂದು ಬ್ರೇಕ್ ಇದೆ ಎಂದು ಅವರು ನಂಬಿದ್ದರು, ಆ ನಂಬಿಕೆಯನ್ನು ಇಷ್ಟು ವರ್ಷ ಯಾರೂ ಕೆಡಿಸಿರಲಿಲ್ಲ.

ಹೊಸ ಮನೆಗೆ ಬಂದು ಎರಡು ತಿಂಗಳಾಗಿತ್ತು. ಮೂರನೆಯ ಮಹಡಿಯ ಬಾಡಿಗೆ ಮನೆ ಬಿಟ್ಟು ಬಂದ ಮೊದಲ ಸ್ವಂತ ಮನೆ. ಅದರ ಹಿಂದೆ ಅಗಲ ಎಂಟು ಹೆಜ್ಜೆ, ಉದ್ದ ಹತ್ತು ಹೆಜ್ಜೆಯ ಹಿತ್ತಲು. ಬಂದ ಮೊದಲ ಭಾನುವಾರವೇ ಅವಳು ತಲೆಗೆ ನೀರು ಹಾಕಿಕೊಂಡು, ಅಲ್ಲೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿ, ಬಿಸಿಲಿಗೆ ಕೂದಲು ಹರಡಿ ಕೂತಿದ್ದಳು. ಎಷ್ಟೋ ಹೊತ್ತಾದ ಮೇಲೆ ಅವಳಿಗೊಂದು ವಿಷಯ ಹೊಳೆಯಿತು: ಇಲ್ಲಿ ಯಾವ ವಾಸನೆಯೂ ಇಲ್ಲ. ಮಣ್ಣು, ಒಣಗುವ ಬಟ್ಟೆ, ಅಷ್ಟೇ. ಹನ್ನೊಂದು ವರ್ಷದಲ್ಲಿ ಮೂಗಿಗೆ ಸಿಕ್ಕ ಮೊದಲ ರಜೆ ಅದು.

ಆ ರಜೆಗೆ ಕಲ್ಲು ಹಾಕಿದವರು ಭಾವ. "ಹಿತ್ತಲಿದೆ ಅಂದ್ಮೇಲೆ ಗ್ರಿಲ್ ಇಲ್ದಿದ್ರೆ ಹೇಗೋ?" ಎಂದು ತಮ್ಮನ ಬೆನ್ನು ತಟ್ಟಿ ಹೋದರು. ಒಂಬತ್ತು ವರ್ಷದ ಮಗಳು ಅದನ್ನೇ ಹಿಡಿದು ಕುಣಿದಳು. ಮಗಳ ಕುಣಿತಕ್ಕೆ ಸೋತು ಅವಳು ಕೊನೆಗೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಒಲೆ ಹೊಸದಾಗಿರಬೇಕು. ಹಳೆಯ ಮನೆಯಲ್ಲಿದ್ದದ್ದೆಲ್ಲ ಭಾವನ ಮನೆಯಲ್ಲಿ ಬೇಡವಾದದ್ದು. ಕಾಲಿಗೆ ಇಟ್ಟಿಗೆ ಕೊಟ್ಟ ಸೋಫಾ, ನೀರು ಸೋರುವ ಫ್ರಿಜ್ಜು, ಅವರ ಮಕ್ಕಳು ಉಚ್ಚೆ ಹೊಯ್ದು ಹಳದಿಯಾದ ಹಾಸಿಗೆ. ಅವರು ಕೊಡುವುದು, ಇವನು ಹಲ್ಲು ಕಿರಿದು ಹೊತ್ತು ತರುವುದು, ಅವಳು ತೊಳೆಯುವುದು. "ಈ ಮನೆಗೆ ಅವರ ಮನೇದು ಒಂದು ಹಳೇ ಚಮಚ ಕೂಡ ಬರಬಾರದು" ಎಂದಿದ್ದಳು. "ಆಯ್ತಮ್ಮಾ ತಾಯಿ, ಹೊಸದೇ" ಎಂದು ಗಂಡ ಕೈ ಮುಗಿದಿದ್ದ.

ಅವಳ ಹಟಕ್ಕೆ ಇನ್ನೊಂದು ಕಾರಣವೂ ಇತ್ತು. ಮೂರು ವರ್ಷದಿಂದ ತಿಂಗಳಿಗೊಂದಾದರೂ ಭಾನುವಾರ ಭಾವನ ಮನೆಯ ಅಂಗಳದಲ್ಲಿ ಮಾಂಸ ಸುಡುವ ಕಾರ್ಯಕ್ರಮ. ಭಾವ ಇಕ್ಕಳ ಹಿಡಿದು ಮೆರೆಯುತ್ತಿದ್ದರು. ಎಲ್ಲರ ತಟ್ಟೆಗೆ ಬಿದ್ದ ಮೇಲೆ, ಒಲೆ ಇನ್ನೂ ಬಿಸಿ ಇರುವಾಗಲೇ, "ನಮ್ಮ ಜಿಡ್ಡಮ್ಮ ಇದ್ದಾಳಲ್ಲ, ಇನ್ನೇನು ಯೋಚನೆ!" ಎಂದು ಜೋರಾಗಿ ನಗುತ್ತಿದ್ದರು. ಆರಿದರೆ ಕೊಬ್ಬು ಗಟ್ಟಿಯಾಗುತ್ತದೆ, ಬಿಸಿಯಲ್ಲೇ ತೊಳೆದರೆ ಸಲೀಸು, ಇದು ಅವರಿಗೆ ಅವಳೇ ಹೇಳಿಕೊಟ್ಟ ಪಾಠ. ಅದೇ ಅವಳ ಕುತ್ತಿಗೆಗೆ ಬಂದಿತ್ತು. ಅವರೆಲ್ಲ ಬೆರಳು ಚೀಪುತ್ತಿದ್ದಾಗ ಅವಳು ನಲ್ಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಉಜ್ಜುತ್ತಿದ್ದಳು. ಅವಳ ಪಾಲಿನದು ತಟ್ಟೆಯಲ್ಲಿ ಬಿಳಿಯ ಕೊಬ್ಬು ಕಟ್ಟಿಕೊಂಡು ತಣ್ಣಗೆ ಬಿದ್ದಿರುತ್ತಿತ್ತು. ಅದನ್ನು ಬಾಯಿಗಿಟ್ಟಾಗ ಚಿಮ್ನಿಯನ್ನೇ ನೆಕ್ಕಿದಂತಾಗುತ್ತಿತ್ತು. ನೀರು ಕುಡಿದು ನುಂಗುತ್ತಿದ್ದಳು.

"ಬಾ ಇಲ್ಲಿ! ಸಿಕ್ಕೇಬಿಡ್ತು!" ಗಂಡ ಆ ತುದಿಯಿಂದ ಕೈಬೀಸಿ ಕರೆದ.

ಅವನ ಮುಂದಿದ್ದ ಒಲೆ ದೊಡ್ಡದಾಗಿತ್ತು. ಕಪ್ಪು ಬಣ್ಣ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಹಿಡಿಗಳು ಹೊಚ್ಚ ಹೊಸವು.

"ಡಿಸ್‌ಪ್ಲೇ ಪೀಸ್ ಮೇಡಂ," ಅಂಗಡಿಯವನು ಓಡಿ ಬಂದ. "ಇಲ್ಲೇ ನಿಂತಿದ್ದು ಬಿಟ್ರೆ ಯಾರೂ ಮುಟ್ಟಿಲ್ಲ. ಅದಕ್ಕೇ ಅರ್ಧ ರೇಟು."

"ನಮ್ಮ ಪರಿಚಯ ಅಂತ ಕೊಡ್ತಿರೋದು," ಎಂದರು ಭಾವ. "ಬೇರೆಯವರಿಗೆ ತೋರಿಸೋದೂ ಇಲ್ಲ. ನೋಡಮ್ಮ, ನಾನು ಕಣ್ಮುಚ್ಚಿ ಹೇಳ್ತೀನಿ, ಹತ್ತು ವರ್ಷ ತಿರುಗಿ ನೋಡೋ ಹಾಗಿಲ್ಲ."

ಅವಳು ಮುಚ್ಚಳ ಎತ್ತಲಿಲ್ಲ. ಅಭ್ಯಾಸದಂತೆ ಮಂಡಿಯೂರಿ, ಕೆಳಗೆ ಕೈ ಹಾಕಿ, ಜಿಡ್ಡಿನ ತಟ್ಟೆಯನ್ನು ಹಿಡಿದೆಳೆದಳು. ಅದು ಅರ್ಧ ಬಂದು ಸಿಕ್ಕಿಕೊಂಡಿತು. ಎಡಗಡೆ ಸ್ವಲ್ಪ ಮೇಲಕ್ಕೆತ್ತಿ ಎಳೆಯಬೇಕು ಎಂದು ಅವಳ ಕೈಗೆ ತಾನಾಗಿಯೇ ಹೊಳೆಯಿತು; ಹಾಗೆ ಎತ್ತಿದಳು, ಬಂತು. ಬಂದ ಮೇಲೆ, ಇದು ನನ್ನ ಕೈಗೆ ಹೇಗೆ ಗೊತ್ತಾಯಿತು ಎಂದು ಅವಳಿಗೆ ಆಶ್ಚರ್ಯವಾಯಿತು.

ತಟ್ಟೆಯ ಒಳಮೈಗೂ ಬಣ್ಣ ಬಳಿದಿದ್ದರು. ಹಿಂದಿನ ಅಂಚನ್ನು ತಿರುಗಿಸಿ ನೋಡಿದಳು. ಅಲ್ಲಿಗೆ ಬಣ್ಣ ಮುಟ್ಟಿರಲಿಲ್ಲ. ಅಲ್ಲಿ ಗೆರೆಗಳಿದ್ದವು.

ಚಿಮ್ನಿ ತೊಳೆಯುವವರಲ್ಲಿ ಒಂದು ಪದ್ಧತಿಯಿದೆ. ಒಂದು ಜಾಲರಿಯನ್ನು ತೊಳೆದು ಮುಗಿಸಿದಾಗಲೆಲ್ಲ ಅದರ ಚೌಕಟ್ಟಿನ ಹಿಂದೆ, ಹೊರಗೆ ಕಾಣದ ಕಡೆ, ಮೊಳೆಯಿಂದ ಒಂದು ಗೆರೆ ಗೀರುತ್ತಾರೆ. ನಾಲ್ಕು ಗೆರೆ ನಿಲ್ಲಿಸಿ, ಐದನೆಯದನ್ನು ಅಡ್ಡ ಎಳೆಯುತ್ತಾರೆ. ಮುಂದೆ ಬರುವವರಿಗೆ ಇದು ಎಷ್ಟು ಸಲ ತೊಳೆದ ಸಾಮಾನು, ತಗಡು ಎಷ್ಟು ಸವೆದಿದೆ ಎಂಬ ಅಂದಾಜು ಸಿಗುತ್ತದೆ. ಅವಳು ಭಾವನ ಮನೆಯ ತಟ್ಟೆಗೂ ಹಾಗೇ ಗೀರುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ, ಹೇಳುವಂಥದ್ದೇನೂ ಅದರಲ್ಲಿ ಇರಲಿಲ್ಲ. ಬೇರೆಯವರು ಕೈ ಒರೆಸಿಕೊಳ್ಳುವ ಹಾಗೆ ಇವಳು ಒಂದು ಗೆರೆ ಎಳೆದು ಏಳುತ್ತಿದ್ದಳು. ಇಲ್ಲಿ ಏಳು ಕಟ್ಟು, ಮೇಲೆ ಎರಡು ಒಂಟಿ ಗೆರೆ. ಅಡ್ಡಗೆರೆಗಳೆಲ್ಲ ಬಲಗಡೆಯ ಕೆಳಗಿನಿಂದ ಎಡಗಡೆಯ ಮೇಲಕ್ಕೆ ಓರೆಯಾಗಿ ಹೋಗಿದ್ದವು. ಅವಳು ಎಡಗೈಯವಳು.

ಮೂವತ್ತೇಳು ಭಾನುವಾರ. ಬೇಡ ಬೇಡವೆಂದರೂ ಅವಳ ಬೆರಳು ಒಲೆಯೊಳಗಿನ ಬೆಂಕಿಕೊಳವೆಯ ತನಕ ಹೋಯಿತು. ಅಲ್ಲಿ ಕೆರೆದಾಗ ಬಣ್ಣದ ಸಿಪ್ಪೆ ಎದ್ದು, ಅದರ ಹಿಂದೆಯೇ ಕಂದು ಬಣ್ಣದ, ಮೇಣದಂಥದ್ದು ಉಗುರಿನ ಸಂದಿಗೆ ತುಂಬಿಕೊಂಡಿತು. ಮೂಸಲೇ ಬೇಕಾಗಿರಲಿಲ್ಲ. ಹಳೆಯ ಕೊಬ್ಬಿನ ಹುಳಿ ಕಮಟು ಬಣ್ಣದ ವಾಸನೆಯನ್ನು ತಳ್ಳಿಕೊಂಡು ಎದ್ದು ಬಂತು. ಇವಳು ಕೊನೆಯ ಸಲ ತೊಳೆದ ಮೇಲೂ ಅವರು ಎಷ್ಟೋ ಸಲ ಸುಟ್ಟು ತಿಂದಿದ್ದಾರೆ, ಒಬ್ಬರೂ ಒಳಗೆ ಕೈ ಹಾಕಿಲ್ಲ. ಕೊಳವೆಯ ಬುಡದಲ್ಲಿ ಎರಡು ಇಲಿ ಹಿಕ್ಕೆ ಬಣ್ಣದೊಳಗೇ ಸಿಕ್ಕಿಕೊಂಡು ಹೊಳೆಯುತ್ತಿದ್ದವು. ಅಷ್ಟನ್ನೂ ಗುಡಿಸದೆ ಬಣ್ಣ ಹೊಡೆದಿದ್ದರು.

"ಇದು ನಿಮ್ಮದು," ಎಂದಳು, ನೆಲದಿಂದ ಏಳದೆ.

"ಏನಮ್ಮ?" ಎಂದರು ಭಾವ.

"ನಿಮ್ಮ ಮನೆ ಒಲೆ ಇದು ಭಾವ. ಈ ತಟ್ಟೆ ನಾನು ತೊಳೆದಿರೋದು. ಇಲ್ಲಿ ನನ್ನ ಗೆರೆ ಇದೆ."

ಅಂಗಡಿಯವನು ಇದ್ದಕ್ಕಿದ್ದಂತೆ ಮೇಲಿನ ಫ್ಯಾನನ್ನು ನೋಡತೊಡಗಿದ. ಭಾವ ಒಂದು ಗಳಿಗೆ ಬಾಯಿ ತೆರೆದವರು, ಅದನ್ನೇ ನಗುವಾಗಿ ತಿರುಗಿಸಿಕೊಂಡರು.

"ಅಬ್ಬಬ್ಬಾ! ನೀನು ಪೊಲೀಸ್ ಆಗ್ಬೇಕಿತ್ತು ಕಣಮ್ಮ. ಅಲ್ಲ, ನಾನೊಂದು ದೊಡ್ಡದು ತಗೊಂಡೆ, ಇದನ್ನ ಎಕ್ಸ್‌ಚೇಂಜ್‌ಗೆ ಕೊಟ್ಟೆ. ಯಾರೋ ಕಂಡೋರ ಪಾಲಾಗೋದಕ್ಕಿಂತ ನಮ್ಮನೇಲೇ ಇರ್ಲಿ ಅಂತ. ಬಣ್ಣ ಹೊಡೆಸಿದ್ದೀವಿ, ಹಿಡಿ ಬದಲಾಯಿಸಿದ್ದೀವಿ. ಹೊಸದಕ್ಕೂ ಇದಕ್ಕೂ ಈಗ ಏನು ವ್ಯತ್ಯಾಸ?"

ಹೊಡೆಸಿದ್ದೀವಿ, ಬದಲಾಯಿಸಿದ್ದೀವಿ. ಅವಳು ಮೆಲ್ಲಗೆ ಗಂಡನ ಕಡೆ ತಿರುಗಿದಳು. ಅವನ ಕಿವಿ ಕೆಂಪಾಗಿತ್ತು. ಗಡಿಯಾರದ ಪಟ್ಟಿಯನ್ನು ಬಿಗಿಮಾಡಿಕೊಳ್ಳುತ್ತಿದ್ದ, ಅದು ಬಿಗಿಯಾಗಿಯೇ ಇತ್ತು.

"ನಿಮಗೆ ಗೊತ್ತಿತ್ತಾ?"

"ಹೇಳೋಣ ಅಂತಿದ್ದೆ..." ಅವನು ಅಣ್ಣನ ಮುಖ ನೋಡಿ, ಅಲ್ಲಿ ಧೈರ್ಯ ಸಿಕ್ಕಂತಾಗಿ ಒಂದಿಷ್ಟು ನಕ್ಕ. "ಈಗೇನಾಯ್ತು ಬಿಡು. ಬೇರೆಯವರ ಹಳೇದಾದ್ರೆ ಹೇಗಿತ್ತೋ ಏನೋ ಅನ್ನೋ ಭಯ. ಇದು ನಿನ್ನ ಕೈಯಲ್ಲೇ ತೊಳೆದಿರೋದು ತಾನೆ? ಇನ್ನೇನು ಅನುಮಾನ?"

ಅವಳಿಗೆ ಅಲ್ಲೇ ವಾಕರಿಕೆ ಬಂತು. ಕೊಬ್ಬಿಗಲ್ಲ. ಕೊಬ್ಬು ಅವಳಿಗೆ ಹಳೆಯ ಪರಿಚಯ, ಅದು ಸುಳ್ಳು ಹೇಳುವುದಿಲ್ಲ, ಬಿದ್ದಲ್ಲಿ ಬಿದ್ದಿರುತ್ತದೆ. ಈ ಗಂಡಸು ತನ್ನ ಪಕ್ಕದಲ್ಲಿ ಮಲಗುತ್ತಾನೆ, ತಾನು ಪೇಸ್ಟು ಹಚ್ಚಿಕೊಟ್ಟ ಬ್ರಶ್ಶಿನಿಂದ ಹಲ್ಲುಜ್ಜುತ್ತಾನೆ, ಇದೇ ಬಾಯಲ್ಲಿ ಹೊಸದೇ ತರೋಣ ಎಂದು ಕೈ ಮುಗಿದ. ಮುಗಿದ ಆ ಎರಡು ಕೈಯನ್ನು ನೆನೆದೇ ಅವಳಿಗೆ ಹೇಸಿಗೆಯಾಯಿತು. ಭಾವನ ದಪ್ಪ ನಗು, ಅಂಗಡಿಯವನ ಬಣ್ಣ ಹಚ್ಚಿದ ಕೂದಲು, ತನ್ನ ಉಗುರಿನ ಸಂದಿಯ ಕಂದು ಮೇಣ, ಎಲ್ಲವೂ ಒಂದೇ ವಾಸನೆ ಹೊಡೆಯುತ್ತಿದೆ ಎನಿಸಿತು.

ಎದ್ದು ನಿಂತು ಕೈಯನ್ನು ಸೀರೆಗೆ ಒರೆಸಿಕೊಳ್ಳಲು ಹೋಗಿ, ಯಾಕೆ ಒರೆಸಬೇಕು ಎನಿಸಿ, ಅದೇ ಒಲೆಯ ಹೊಳೆಯುವ ಮುಚ್ಚಳಕ್ಕೇ ಉದ್ದಕ್ಕೆ ಒರೆಸಿದಳು. ಕಪ್ಪು ಬಣ್ಣದ ಮೇಲೆ ಕಂದು ಪಟ್ಟೆ ಮೂಡಿತು.

"ಇದನ್ನೇ ಬಿಲ್ ಮಾಡಿ," ಎಂದಳು ಅಂಗಡಿಯವನಿಗೆ.

ಮೂವರೂ ಅವಳನ್ನೇ ನೋಡಿದರು.

"ತರೋದು ಅಂತ ನೀವಿಬ್ಬರೂ ಮೊದಲೇ ತೀರ್ಮಾನ ಮಾಡಿ ಆಗಿದೆ. ತನ್ನಿ. ಆದರೆ ಇನ್ನು ಮೇಲೆ ಇದಕ್ಕೆ ನಾನು ಕೈ ಹಾಕಲ್ಲ. ಒಳಗೆ ಹಳೇ ಕೊಬ್ಬು ಕೊಳೆತಿದೆ, ಇಲಿ ಓಡಾಡಿದೆ. ತೊಳೆಯದೆ ಹಚ್ಚಬೇಡಿ. ಹೇಳಿಲ್ಲ ಅನ್ನಬೇಡಿ, ಈಗಲೇ ಹೇಳಿದ್ದೀನಿ."

"ಸರಿ ಸರಿ," ಎಂದು ಭಾವ ತಮ್ಮನಿಗೆ ಕಣ್ಣು ಹೊಡೆದರು. "ಮುಂದಿನ ಭಾನುವಾರಕ್ಕೆ ಎಲ್ಲ ತಣ್ಣಗಾಗಿರುತ್ತೆ. ನಾವು ಮಧ್ಯಾಹ್ನ ಬರ್ತೀವಿ."

ಒಲೆ ಹಿತ್ತಲಿಗೆ ಬಂದು ನಿಂತಿತು. ಅವಳ ಪ್ಲಾಸ್ಟಿಕ್ ಕುರ್ಚಿ ಇದ್ದ ಕಡೆಯೇ ನೆಲ ಸಮ ಇದೆ ಎಂದು ಗಂಡ ಅಲ್ಲೇ ನಿಲ್ಲಿಸಿದ. ಮೂರನೆಯ ದಿನ ಸಂಜೆ ಅವಳು ಕೆಲಸದಿಂದ ಬಂದು ನೋಡಿದರೆ, ಜಿಡ್ಡು ತೆಗೆಯುವ ದ್ರಾವಣದ ಹೊಸ ಬಾಟಲಿಯೊಂದು ಬಚ್ಚಲುಮನೆಯ ಬಾಗಿಲಲ್ಲಿ, ಸರಿಯಾಗಿ ಅವಳ ಚಪ್ಪಲಿಯ ಪಕ್ಕದಲ್ಲಿ, ಕಾಲಿಗೆ ತಗುಲುವ ಹಾಗೆ ಇತ್ತು. ದುಡ್ಡು ಕೊಟ್ಟು ಒಳ್ಳೆಯ ಕಂಪನಿಯದನ್ನೇ ತಂದಿದ್ದ. ಅವಳು ಅದನ್ನು ದಾಟಿಕೊಂಡು ಒಳಗೆ ಹೋದಳು. ಮರುದಿನ ಅದು ಅಡುಗೆಕಟ್ಟೆಯ ಮೇಲಿತ್ತು. ಅದರ ಮರುದಿನ ಒಲೆಯ ಮೇಲೆಯೇ ಇತ್ತು, ಜತೆಗೊಂದು ಜೊತೆ ರಬ್ಬರ್ ಕೈಗವಸು. ಕೈಗವಸು ಅವಳ ಅಳತೆಯದು.

ನಿಜ ಹೇಳಬೇಕೆಂದರೆ ಅವಳಿಗೆ ಆ ವಾರ ಕಳೆಯುವುದು ಸುಲಭವಿರಲಿಲ್ಲ. ತೊಳೆಯುವುದು ಅವಳ ಕೈಗೆ ಹತ್ತಿದ ಚಟ. ಕೊಳಕು ಕಣ್ಣೆದುರಿಗಿದ್ದರೆ ಅಂಗೈ ತುರಿಸುತ್ತಿತ್ತು. ಬಟ್ಟೆ ಹರವಲು ಹೋದಾಗಲೆಲ್ಲ ಒಲೆಯ ಕೆಳಗೆ ಇರುವೆ ಸಾಲು ಕಾಣುತ್ತಿತ್ತು. ಪಕ್ಕದ ಮನೆಯ ಬೆಕ್ಕು ಬಂದು ತಟ್ಟೆಯ ಅಂಚನ್ನು ಕಣ್ಣು ಮುಚ್ಚಿ ನೆಕ್ಕುತ್ತಿತ್ತು. ಬಿಸಿಲೇರಿದಂತೆ ಕಮಟು ಕರಗಿ ಕಿಟಕಿಯ ತನಕ ಬರುತ್ತಿತ್ತು. ಅರ್ಧ ಗಂಟೆಯ ಕೆಲಸ, ತೊಳೆದು ಬಿಸಾಡಿದರೆ ಮೂಗಿಗಾದರೂ ನೆಮ್ಮದಿ ಎಂದು ಎರಡು ಸಲ ಸೆರಗು ಸಿಕ್ಕಿಸಿಕೊಂಡಳು. ಎರಡು ಸಲವೂ ಗಂಡ ಒಳಗೆ ಟೀವಿಯ ಸದ್ದು ತಗ್ಗಿಸಿ ಕಿವಿ ನೆಟ್ಟಗೆ ಮಾಡಿದ್ದು ಅವಳಿಗೆ ತಿಳಿಯಿತು. ಅದು ತಿಳಿದದ್ದೇ ಸೆರಗು ಬಿಚ್ಚಿ ಕಿಟಕಿ ಮುಚ್ಚಿದಳು.

ಶನಿವಾರ ಮಧ್ಯಾಹ್ನ ಮಗಳು ಬಂದು ಅವಳ ಮಗ್ಗುಲಲ್ಲಿ ಕೂತಳು. ತಾಯಿ ಬಟ್ಟೆ ಮಡಿಸುತ್ತಿದ್ದಳು. ಮಗಳು ಒಂದು ಕರವಸ್ತ್ರ ಎತ್ತಿಕೊಂಡು ಅದನ್ನೇ ಆರು ಸಲ ಮಡಿಸಿ ಬಿಚ್ಚಿದಳು.

"ಅಮ್ಮ, ನಾಳೆ ದೊಡ್ಡಪ್ಪ ಬರ್ತಾರೆ."

"ಗೊತ್ತು."

"ಅಪ್ಪ ಬೇಜಾರಲ್ಲಿದ್ದಾರೆ. ನೀನು ಅದನ್ನ ತೊಳೆದುಬಿಡಮ್ಮ. ಪ್ಲೀಸ್."

"ಅಪ್ಪಂಗೂ ಎರಡು ಕೈ ಇದೆಯಲ್ಲ?"

"ಅಪ್ಪಂಗೆ ಅಸಹ್ಯ ಆಗುತ್ತಂತೆ," ಎಂದಳು ಮಗಳು, ಇದೆಂಥ ಪ್ರಶ್ನೆ ಎನ್ನುವ ಹಾಗೆ. "ನಿಂಗೆ ಹೇಗೂ ಆಗಲ್ವಲ್ಲ."

ಅವಳ ಕೈ ನಿಂತಿತು. "ಯಾರು ಹೇಳಿದ್ದು ನಂಗೆ ಆಗಲ್ಲ ಅಂತ?"

"ಅಪ್ಪ. ದೊಡ್ಡಪ್ಪನೂ ಹೇಳ್ತಾರೆ. ನಿಂಗೆ ವಾಸನೆನೇ ಗೊತ್ತಾಗಲ್ಲ, ಅದಕ್ಕೇ ಆ ಕೆಲಸ ಸಿಕ್ಕಿದ್ದು ಅಂತ."

ಮಗಳ ಮುಖದಲ್ಲಿ ಕೊಂಕಿರಲಿಲ್ಲ. ಬೆಕ್ಕಿಗೆ ಕತ್ತಲಲ್ಲೂ ಕಣ್ಣು ಕಾಣುತ್ತದಂತೆ ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದ್ದಳು. ಭಾವ ನಕ್ಕದ್ದು, ಗಂಡ ಸುಳ್ಳು ಹೇಳಿದ್ದು ಒಂದು ತೂಕವಾದರೆ, ತಾನು ಹೆತ್ತ ಈ ಪುಟ್ಟ ಜೀವ ತನ್ನನ್ನು ಮೂಗಿಲ್ಲದವಳೆಂದು ನಂಬಿಕೊಂಡು ಬೆಳೆಯುತ್ತಿರುವುದೇ ಒಂದು ತೂಕ. ಇದನ್ನು ಯಾವ ದ್ರಾವಣ ಹಾಕಿ ಉಜ್ಜುವುದು ಎಂದು ತೋಚಲಿಲ್ಲ. ಕೊನೆಗೆ ಇದ್ದದ್ದನ್ನೇ ಹೇಳಿದಳು.

"ಆಗುತ್ತೆ ಕಣೇ. ದಿನಾ ಆಗುತ್ತೆ. ಏಣಿ ಮೇಲೆ ಎಷ್ಟು ಸಲ ವಾಂತಿ ಬಂದು ನುಂಗಿಕೊಂಡಿದ್ದೀನಿ ಗೊತ್ತಾ? ಬೆಳಿಗ್ಗೆ ಏನೂ ತಿನ್ನದೆ ಕೆಲಸಕ್ಕೆ ಹೋಗೋದು ಯಾಕೆ ಅಂದ್ಕೊಂಡೆ?"

ಮಗಳು ಕಣ್ಣರಳಿಸಿ ಅವಳನ್ನೇ ನೋಡಿದಳು. "ಮತ್ತೆ ಯಾಕೆ ಮಾಡ್ತೀಯ?"

"ಅಲ್ಲಿ ಮಾಡಿದ್ದಕ್ಕೆ ಸಂಬಳ ಕೊಡ್ತಾರೆ. 'ಥ್ಯಾಂಕ್ಸ್ ಅಕ್ಕ' ಅಂತಾರೆ. ಕೆಲವರು ಒಂದು ಲೋಟ ಕಾಫಿನೂ ಕೊಡ್ತಾರೆ," ಎಂದು ಅವಳು ಅಂಗಿಯೊಂದನ್ನು ಕೊಡವಿದಳು. ಮಗಳು ಕರವಸ್ತ್ರ ಮಡಿಸಿ ಇಟ್ಟು, ಹೊರಗೆ ಹೋಗಿ ಒಲೆಯ ಹತ್ತಿರ ನಿಂತು, ಬಗ್ಗಿ ಒಂದು ಸಲ ಮೂಸಿ, ಮುಖ ಕಿವುಚಿಕೊಂಡು ಓಡಿ ಬಂದಳು.

ಭಾನುವಾರ ಹನ್ನೆರಡೂವರೆಗೆ ಭಾವ ಬಂದರು, ಹಿಂದೆ ಓರಗಿತ್ತಿ ಮಸಾಲೆ ಹಚ್ಚಿದ ಮಾಂಸದ ಡಬ್ಬ ಹೊತ್ತು. ಭಾವ ಹಿತ್ತಲನ್ನು ಒಂದು ಸುತ್ತು ಹಾಕಿ, ಒಲೆಯ ಬೆನ್ನು ತಟ್ಟಿ, ತಮ್ಮನ ಕಡೆ ಹುಬ್ಬು ಕುಣಿಸಿದರು. ತೊಳೆದಾಯ್ತಾ ಎಂದು ಅದರ ಅರ್ಥ. ಗಂಡ ಹೂಂ ಎಂದೂ ಅಲ್ಲದೆ ಊಹೂಂ ಎಂದೂ ಅಲ್ಲದೆ ತಲೆಯಾಡಿಸಿದ. ಬೆಳಿಗ್ಗೆ ಅವನು ಸರಳುಗಳ ಮೇಲೆ ಮಾತ್ರ ಒದ್ದೆ ಬಟ್ಟೆ ಆಡಿಸಿದ್ದ. ಕೆಳಗಿನ ತಟ್ಟೆ ಎಳೆಯಲು ಹೋಗಿ, ಅದು ಸಿಕ್ಕಿಕೊಂಡಾಗ ಅಲ್ಲಿಗೇ ಬಿಟ್ಟಿದ್ದ. ಅವಳು ಕುರ್ಚಿಯನ್ನು ಗೋಡೆಯ ನೆರಳಿಗೆ ಹಾಕಿಕೊಂಡು ಕೂತಳು. ಮಗಳಿಗೆ ಪಕ್ಕದಲ್ಲಿ ಸ್ಟೂಲ್ ಹಾಕಿದಳು.

ಗಂಡ ನಾಬ್ ತಿರುಗಿಸಿದ. ಬೆಂಕಿ ಹತ್ತಿತು. ಮಾಂಸದ ತುಂಡುಗಳು ಚುರುಗುಟ್ಟಿದವು, ಭಾವ ಇಕ್ಕಳ ಹಿಡಿದು ಎಂದಿನ ಭಾಷಣ ಶುರು ಮಾಡಿದರು. ಐದು ನಿಮಿಷವಾಗಿರಬೇಕು, ಕೆಳಗಿನಿಂದ ಬೇರೆಯೇ ಒಂದು ಹೊಗೆ ಎದ್ದಿತು. ಹಳದಿ ಬೆರೆತ ಬೂದು ಬಣ್ಣ, ಭಾರವಾದದ್ದು, ಮೇಲೇರುವ ಬದಲು ಅಲ್ಲೇ ಸುತ್ತಿಕೊಳ್ಳುವಂಥದ್ದು. ಸುಟ್ಟ ಬಣ್ಣ, ಹಳಸಿದ ಕೊಬ್ಬು, ಕೂದಲು ಸುಟ್ಟಂಥ ಇನ್ನೇನೋ. ಓರಗಿತ್ತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಮೊದಮೊದಲು ಹಾಗೇ, ಬಣ್ಣ ಆರೋ ತನಕ," ಎಂದು ಭಾವ ಕೆಮ್ಮುತ್ತಲೇ ಒಂದು ತುಂಡು ಬಾಯಿಗೆ ಹಾಕಿಕೊಂಡರು. ಒಂದೆರಡು ಸಲ ಜಗಿದರು. ಆಮೇಲೆ ಅವರ ಮುಖ ಚಿಕ್ಕ ಮಕ್ಕಳ ಮುಖದ ಹಾಗೆ ಸೊಟ್ಟಗಾಯಿತು. ಗೋಡೆಯ ಕಡೆ ತಿರುಗಿ ಥೂ ಎಂದು ಉಗಿದರು. ಉಗಿದದ್ದು ಒಣಹಾಕಿದ್ದ ದಿಂಬಿನ ಚೀಲದ ಹತ್ತಿರ ಬಿತ್ತು.

ಗಂಡ ಬೆಂಕಿ ಆರಿಸಿದ. ಕೊಬ್ಬು ಇನ್ನೂ ಒಳಗೆ ಕುದಿಯುತ್ತ ಪುಸಪುಸ ಎನ್ನುತ್ತಿತ್ತು. ಎಲ್ಲರೂ ಅವಳ ಕಡೆ ನೋಡಿದರು. ಇನ್ನೇನು ಅವಳು ಏಳುತ್ತಾಳೆ ಎಂದು ಕಾಯುವುದು ಅವರ ನಿಂತ ಭಂಗಿಯಲ್ಲೇ ಇತ್ತು. ಓರಗಿತ್ತಿಯಂತೂ ದಾರಿ ಬಿಡಲು ಅರ್ಧ ಹೆಜ್ಜೆ ಪಕ್ಕಕ್ಕೂ ಸರಿದಳು. ಅವಳು ಮಡಿಲಲ್ಲಿ ಕೈಯಿಟ್ಟುಕೊಂಡು ಕೂತೇ ಇದ್ದಳು. ಅಂಗೈ ತುರಿಸುತ್ತಿತ್ತು, ನಿಜ.

ಭಾವ ಇಕ್ಕಳವನ್ನು ತಮ್ಮನ ಕೈಗಿಟ್ಟು, ಬಾಯಿ ಮುಕ್ಕಳಿಸಿ ಬಂದರು. ಅವಳ ಮುಖ ನೋಡಿದರು, ಅಲ್ಲಿ ಬ್ರೇಕ್ ಹತ್ತುವುದಿಲ್ಲ ಎಂದು ತಿಳಿದು ಬೇರೆ ದಾರಿ ಹಿಡಿದರು.

"ಪುಟ್ಟಿ, ಬಾ ಇಲ್ಲಿ. ನೀನು ಜಾಣೆ. ಹೋಗು, ಒಳಗಿಂದ ಬ್ರಶ್ಶು, ಬಿಸಿನೀರು ತಗೊಂಡು ಬಾ. ಅಮ್ಮಂಗೆ ಸುಸ್ತಾಗಿದೆ. ನೀನೇ ಅಲ್ವಾ ಇನ್ಮೇಲೆ ನಮ್ಮ ಚಿಕ್ಕ ಜಿಡ್ಡಮ್ಮ!"

ಮಗಳು ಥಟ್ಟನೆ ಎದ್ದಳು. ದೊಡ್ಡವರು ಜಾಣೆ ಎಂದದ್ದಕ್ಕೆ ಅವಳ ಮುಖ ಅರಳಿಯೂ ಅರಳಿತು. ಎರಡು ಹೆಜ್ಜೆ ಇಟ್ಟಿದ್ದಳೋ ಇಲ್ಲವೋ, ತಾಯಿ ಕೈ ಚಾಚಿ ಮಗಳ ಮಣಿಕಟ್ಟು ಹಿಡಿದಳು.

"ಕೂತ್ಕೋ."

"ಯಾಕಮ್ಮ, ಮಗು ತಾನೇ ಇಷ್ಟಪಟ್ಟು..." ಎಂದರು ಭಾವ.

"ನನ್ನ ಮಗಳನ್ನ ಇನ್ನೊಂದು ಸಲ ಆ ಹೆಸರು ಹಿಡಿದು ಕರೆದ್ರೆ ಈ ಮನೆಗೆ ಬರಬೇಡಿ ಭಾವ," ಎಂದಳು. ದನಿ ಏರಲಿಲ್ಲ. "ಬ್ರಶ್ ಒಳಗಿದೆ. ಯಾರಿಗೆ ಬೇಕೋ ಅವರು ಹೋಗಿ ತರ್ಲಿ."

ಓರಗಿತ್ತಿ ನೆಲ ನೋಡಿದಳು. ಅವಳ ತುಟಿಯ ಕೊನೆ ಒಂದು ಚೂರು ನಡುಗಿತು, ಅದು ಅಳುವೋ ನಗುವೋ ಹೇಳಲಾಗದು. ಭಾವ ತಮ್ಮನ ಕಡೆ ನೋಡಿದರು. ಅವನು ಹೆಂಡತಿಯ ಕಡೆ ನೋಡಿದ, ಮಗಳ ಮಣಿಕಟ್ಟಿನ ಮೇಲಿದ್ದ ಅವಳ ಕೈಯ ಕಡೆ ನೋಡಿದ. ಇಕ್ಕಳವನ್ನು ಎಲ್ಲಿಡಬೇಕೆಂದು ತಿಳಿಯದೆ ಕೊನೆಗೆ ನೆಲದ ಮೇಲಿಟ್ಟು, ತಲೆ ತಗ್ಗಿಸಿ ಮನೆಯೊಳಗೆ ಹೋದ.

ಹೊಗೆ ಹಿತ್ತಲಲ್ಲೇ ನಿಂತಿತ್ತು. ಒಳಗಿನಿಂದ ಅಡುಗೆಮನೆಯ ಕಪಾಟೊಂದು ತೆರೆದ ಸದ್ದು ಬಂತು, ಮುಚ್ಚಿದ ಸದ್ದು ಬಂತು. ಆಮೇಲೆ ಇನ್ನೊಂದು. ಯಾವುದೋ ಡಬ್ಬ ಉರುಳಿ ಮುಚ್ಚಳ ಗಿರಗಿರನೆ ತಿರುಗಿ ನಿಂತಿತು.

"ಅಮ್ಮ," ಎಂದು ಮಗಳು ಅವಳ ಕಿವಿಯ ಹತ್ತಿರ ಬಗ್ಗಿದಳು. "ಬ್ರಶ್ಶು ಸಿಂಕ್ ಕೆಳಗಿದೆ. ನಂಗೊತ್ತು."

"ನಂಗೂ ಗೊತ್ತು," ಎಂದಳು ಅವಳು.

ಮಗಳು ಸ್ಟೂಲನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡು ಕೂತಳು. ಒಳಗೆ ಮೂರನೆಯ ಕಪಾಟು ತೆರೆಯಿತು.